ಮಿಂಚಂಚೆಯ ಮೊಹರು

ಮೈಸೂರಿನಿಂದ ಮಡಿಕೇರಿಯ ದಾರಿ ಹಿಡಿದು ಹೊರಟವನಿಗೆ ಹುಣಸೂರು ಕಳೆದು ಪಿರಿಯಾಪಟ್ಟಣ ಸಮೀಪಿಸುವವರೆಗೂ ಇಕ್ಕೆಲಗಳಲ್ಲಿ ಹೊಗೆಸೊಪ್ಪಿನ ಹೊಲಗಳೂ ಅವುಗಳ ನಡುವೆ ಎದ್ದು ನಿಂತ, ಸೊಪ್ಪನ್ನು ಹದಗೊಳಿಸುವ ಬ್ಯಾರನ್ನುಗಳೂ, ಉತ್ತರಕ್ಕೆ ತಿರುಗಿದರೆ ಕಾವೇರಿಯ ನಾಲೆಗಳ ಆಶ್ರಯದಲ್ಲಿ ಹಬ್ಬಿರುವ ಕೃಷ್ಣರಾಜನಗರದ ಭತ್ತದ ಗದ್ದೆಗಳೂ, ದಕ್ಷಿಣಕ್ಕೆ ತಿರುಗಿದರೆ ಕಪಿಲೆಯ ಹಿನ್ನೀರೂ ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳೂ ಕಣ್ಣಿಗೆ ಬೀಳುವುವಲ್ಲದೆ, ಗಣಕಯಂತ್ರಗಳ ಪ್ರಪಂಚವು ಈ ಸೀಮೆಗೆ ಸಂಬಂಧಪಟ್ಟದ್ದೆಂಬ ಭಾವನೆ ಸುಲಭವಾಗಿ ಬಾರದು. ಆದರೂ ಅಕ್ಕಿ ಗಿರಣಿಯಿಂದ ದೂರದ ವ್ಯಾಪಾರಿಗೆ ಹೋಗುವ ಬಿಲ್ಲು, ಸಹಕಾರ ಸಂಘದ ವಾರ್ಷಿಕ ಸಭೆಯ ನೋಟೀಸು, ಕಾಲೇಜಿನ ಆಂತರಿಕ ಅಂಕಗಳ ಪಟ್ಟಿ, ಕಬಿನಿ ದಂಡೆಯ ರೆಸಾರ್ಟಿನವರು ಅತಿಥಿಗೆ ಕಳುಹುವ ರಸೀತಿ, ಬೈಲಕುಪ್ಪೆಯ ಬೌದ್ಧ ವಿಹಾರಗಳಿಂದ ಹೊರದೇಶಗಳ ಭಕ್ತರಿಗೆ ಹೋಗುವ ಪತ್ರ, ಇವೆಲ್ಲವೂ ಈಗ ಇ-ಮೇಲಿನ ದಾರಿಯನ್ನೇ ಹಿಡಿದಿವೆ. ವಾಟ್ಸಾಪ್ ಇರುವಾಗ ಇದೇಕೆ ಎಂದು ಕೇಳುವವರುಂಟು. ಬ್ಯಾಂಕು, ಆಡಿಟರು, ಸರ್ಕಾರಿ ಕಚೇರಿ ಈ ಮೂವರ ಮುಂದೆ ಕಾಗದಪತ್ರವಾಗಿ ನಿಲ್ಲತಕ್ಕದ್ದು ಇಂದಿಗೂ ಮೇಲ್ ಒಂದೇ ಎಂಬುದು ಅವರಿಗೆ ಸಾಕಾದ ಉತ್ತರ.

ಇಂಥ ಪತ್ರಗಳು ಹತ್ತಿಪ್ಪತ್ತಾದರೆ ಕೈಯಿಂದಲೇ ಬರೆದು ಕಳುಹಬಹುದು. ಮುನ್ನೂರಾದಾಗ ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಕಾಗುತ್ತದೆ. ಹೀಗೆ ಒಪ್ಪಿಸುವ ಕೆಲವು ಸಾಲುಗಳ ಆಜ್ಞಾವಳಿಗೆ ಸ್ಕ್ರಿಪ್ಟ್ ಎಂದು ಹೆಸರು. ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಯಲ್ಲಿ ಆ ದಿನ ಹೊಗೆಸೊಪ್ಪಿಗೆ ಸಿಕ್ಕ ಸರಾಸರಿ ದರವನ್ನು ಸಂಜೆಯ ಹೊತ್ತಿಗೆ ತನ್ನ ಪಟ್ಟಿಯಲ್ಲಿರುವ ಬೆಳೆಗಾರರಿಗೂ ವ್ಯಾಪಾರಿಗಳಿಗೂ ಪ್ರತ್ಯೇಕ ಪ್ರತ್ಯೇಕವಾಗಿ ತಿಳಿಸಬೇಕೆಂದು ಪದವಿ ಓದಿ ಊರಿಗೆ ಮರಳಿದ ಬೆಳೆಗಾರನ ಮಗನೊಬ್ಬ ಮನಸ್ಸು ಮಾಡಿದನೆಂದು ಇಟ್ಟುಕೊಳ್ಳೋಣ. ಪೈಥಾನ್ ಎಂಬ ಭಾಷೆಯೊಡನೆ ಮೇಲ್ ಕಳುಹಿಸುವ ಉಪಕರಣವು ಸೇರಿಕೊಂಡೇ ಬರುತ್ತದೆಯಾದ್ದರಿಂದ ಬೇರೇನನ್ನೂ ಕೊಳ್ಳಬೇಕಾದ್ದಿಲ್ಲ. ಹತ್ತು ಹನ್ನೆರಡು ಸಾಲುಗಳಲ್ಲಿ ಕೆಲಸ ಮುಗಿಯುತ್ತದೆ. ಅಂದರೆ ಬರೆಯುವ ಕೆಲಸ ಮುಗಿಯುತ್ತದೆ, ಪತ್ರ ಹೋಗುವುದಿಲ್ಲ. ತೆರೆಯ ಮೇಲೆ 535 ಎಂಬ ಅಂಕೆಯೂ, ನಿನ್ನ ಹೆಸರನ್ನೂ ಪಾಸ್‌ವರ್ಡನ್ನೂ ಒಪ್ಪಲಿಲ್ಲವೆಂಬ ಒಕ್ಕಣೆಯೂ ಮೂಡುತ್ತವೆ. ಅದೇ ಪಾಸ್‌ವರ್ಡಿನಿಂದ ಮೊಬೈಲಿನಲ್ಲಿ ಮೇಲ್ ತೆರೆಯುತ್ತಿರುವಾಗ ಇದು ಯಂತ್ರದ ಹಠವೆಂದೇ ಅವನಿಗೆ ತೋರುವುದರಲ್ಲಿ ಆಶ್ಚರ್ಯವಿಲ್ಲ. ಹಠವಲ್ಲ, ಅದಕ್ಕೊಂದು ಪೂರ್ವಕಥೆಯುಂಟು.

ಈ ಸೀಮೆಗೆ ಅಂಚೆಯ ಪರಿಚಯ ಹೊಸದಲ್ಲ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಮೈಸೂರು ರಾಜ್ಯದಲ್ಲಿ ಸ್ಥಾಪಿಸಿದ ಅಂಚೆಯು ಎರಡು ಶತಮಾನಕ್ಕೂ ಮೀರಿ ನಡೆದು, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತು. ಅಂಚೆಯವರು ಓಲೆಗಳನ್ನು ಮುಟ್ಟಿಸುತ್ತಿದ್ದುದಲ್ಲದೆ ತಮ್ಮ ಪ್ರಾಂತದ ವರ್ತಮಾನಗಳನ್ನು ಅರಮನೆಗೆ ತಿಳಿಸುವ ಗೂಢಚಾರರ ಕೆಲಸವನ್ನೂ ಮಾಡುತ್ತಿದ್ದರೆಂದು ಇತಿಹಾಸಕಾರರು ಬರೆದಿದ್ದಾರೆ. ಪತ್ರ ಹೋಗುವ ದಾರಿಯಲ್ಲೇ ಬೇಹು ನಡೆಯುವುದೆಂಬ ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟಿರಬೇಕು. ಈಗ ನಮಗೆ ಬೇಕಾದದ್ದು ಇಷ್ಟೆ: ಚೀಲ ಹೊತ್ತು ಓಡುವ ಹರಿಕಾರನಾಗಲಿ, ಇಂದು ಕೆಂಪು ಡಬ್ಬಿಯನ್ನು ತೆರೆಯುವ ಅಂಚೆಯವನಾಗಲಿ, ಲಕೋಟೆಯೊಳಗಿನ ಸಹಿ ಯಾರದೆಂದು ಎಂದೂ ವಿಚಾರಿಸಿದವನಲ್ಲ. ತಲುಪಬೇಕಾದ ವಿಳಾಸ ಸ್ಪಷ್ಟವಾಗಿದ್ದರೆ ಅವನಿಗೆ ಸಾಕು. ಕಳುಹಿದವನ ಹೆಸರು ಸತ್ಯವೋ ಸುಳ್ಳೋ ಎಂಬುದು ಪತ್ರ ಪಡೆದವನ ಪಾಲಿನ ಚಿಂತೆ.

ಮಿಂಚಂಚೆಯೂ ಹುಟ್ಟಿದ್ದು ಇದೇ ಧರ್ಮದಲ್ಲಿ. ಅಮೆರಿಕೆಯ ರೇ ಟಾಮ್ಲಿನ್ಸನ್ 1971ರಲ್ಲಿ ಒಂದು ಗಣಕದಿಂದ ಮತ್ತೊಂದಕ್ಕೆ ಜಾಲದ ಮೂಲಕ ಪತ್ರ ಕಳುಹಿ, ವ್ಯಕ್ತಿಯ ಹೆಸರಿಗೂ ಗಣಕದ ಹೆಸರಿಗೂ ನಡುವೆ ಇಂದು ಎಲ್ಲರೂ ಬಲ್ಲ ಆ ಸುರುಳಿ ಚಿಹ್ನೆಯನ್ನಿರಿಸಿದಾಗ, ಆ ಜಾಲದಲ್ಲಿದ್ದವರು ಬಹುಮಟ್ಟಿಗೆ ಪರಸ್ಪರ ಬಲ್ಲ ವಿದ್ವಾಂಸರೇ. ಜಾನ್ ಪೋಸ್ಟೆಲ್ 1982ರ ಆಗಸ್ಟಿನಲ್ಲಿ ಎಸ್‌ಎಂಟಿಪಿ ಎಂಬ ಪತ್ರಸಾಗಣೆಯ ನಿಯಮಾವಳಿಯನ್ನು ಬರೆದಾಗಲೂ ಅದರಲ್ಲಿ ಪಾಸ್‌ವರ್ಡಿಗೆ ಸ್ಥಳವಿರಲಿಲ್ಲ. ಯಾರು ಬೇಕಾದರೂ ಯಾವ ಸರ್ವರಿನ ಬಾಗಿಲನ್ನಾದರೂ ತಟ್ಟಿ, ನಾನು ಇಂಥವನೆಂದು ಹೇಳಿಕೊಂಡು, ಇಂಥವರಿಗೆ ಈ ಪತ್ರ ಮುಟ್ಟಿಸು ಎಂದರೆ ಅದು ಮುಟ್ಟಿಸುತ್ತಿತ್ತು. ಈ ವಿಶ್ವಾಸ ಅತಿಯಾಯಿತೆಂಬುದರ ಮೊದಲ ಸೂಚನೆ 1978ರ ಮೇ ತಿಂಗಳಲ್ಲೇ ಕಾಣಿಸಿಕೊಂಡಿತ್ತು: ಗ್ಯಾರಿ ಥುಯರ್ಕ್ ಎಂಬ ಗಣಕ ಮಾರಾಟಗಾರರು ಸುಮಾರು 400 ಮಂದಿಗೆ ಒಂದೇ ಜಾಹೀರಾತನ್ನು ಕಳುಹಿ ಎಲ್ಲರ ಕೋಪಕ್ಕೆ ಗುರಿಯಾದರು. ತೊಂಬತ್ತರ ದಶಕದ ಹೊತ್ತಿಗೆ ಲೋಕದ ಮುಕ್ತ ಸರ್ವರುಗಳೆಲ್ಲ ಕಸದ ಪತ್ರಗಳ ವಾಹಕಗಳಾದ ಮೇಲಷ್ಟೆ ಬಾಗಿಲಿಗೆ ಕಾವಲು ಬೇಕೆಂಬ ವಿವೇಕ ಮೂಡಿ, 1999ರ ಮಾರ್ಚಿನಲ್ಲಿ ಗುರುತು ಕೇಳುವ ವಿಧಾನವು ನಿಯಮಾವಳಿಗೆ ಸೇರಿತು. ಹದಿನೇಳು ವರ್ಷ ತಡವಾಗಿ ಬಂದ ಕಾವಲು ಇದು. ಮೊದಲೇ ಕಟ್ಟಿದ ಮನೆಗೆ ಆಮೇಲೆ ಸೇರಿಸಿದ್ದಾದ್ದರಿಂದ ಇಂದಿಗೂ ಅದರಲ್ಲಿ ತೇಪೆಗಳು ಕಾಣುತ್ತವೆ.

ನಮ್ಮ ತರುಣನ ಸ್ಕ್ರಿಪ್ಟು ಸರ್ವರಿನೊಡನೆ ನಡೆಸುವ ಸಂಭಾಷಣೆಯನ್ನು ಒಮ್ಮೆ ಹತ್ತಿರದಿಂದ ಕೇಳಿದರೆ ಅರ್ಧ ಸಂದೇಹ ಅಲ್ಲಿಯೇ ಪರಿಹಾರವಾಗುತ್ತದೆ. ಸಂಪರ್ಕವಾದೊಡನೆ ಸರ್ವರು 220 ಎಂಬ ಅಂಕೆಯಿಂದ ಸ್ವಾಗತ ಹೇಳುತ್ತದೆ. ಸ್ಕ್ರಿಪ್ಟು ಎಹ್ಲೊ ಎಂದು ನಮಸ್ಕರಿಸಿ ತನ್ನ ಗಣಕದ ಹೆಸರನ್ನು ತಿಳಿಸುತ್ತದೆ. ಸರ್ವರು 250 ಎಂದು ತಲೆದೂಗಿ ತನಗೆ ಬರುವ ವಿದ್ಯೆಗಳನ್ನೆಲ್ಲ ಸಾಲಾಗಿ ಒಪ್ಪಿಸುತ್ತದೆ. ಆಗ ಸ್ಕ್ರಿಪ್ಟು ಸ್ಟಾರ್ಟ್ ಟಿಎಲ್‌ಎಸ್ ಎಂಬ ಮಾತಿನಿಂದ, ಇನ್ನು ಮುಂದೆ ನಾವಾಡುವುದು ಮೂರನೆಯವರಿಗೆ ತಿಳಿಯದಂತಿರಲಿ ಎಂದು ಕೋರುತ್ತದೆ; ಒಪ್ಪಿಗೆಯಾಗಿ ಮಾತೆಲ್ಲ ಗೂಢಲಿಪಿಗೆ ತಿರುಗಿದ ಬಳಿಕ ಮತ್ತೊಮ್ಮೆ ನಮಸ್ಕಾರವಾಗುತ್ತದೆ. ಅನಂತರವೇ ಗುರುತಿನ ಪ್ರಶ್ನೆ. ಸರ್ವರು 334 ಎಂದು ಹೇಳಿ ಅದರ ಮುಂದೆ ಅರ್ಥವಿಲ್ಲದಂತೆ ತೋರುವ ಹನ್ನೆರಡು ಚಿಹ್ನೆಗಳ ಮಾಲೆಯೊಂದನ್ನಿಡುತ್ತದೆ. ಬಿಡಿಸಿ ಓದಿದರೆ ಅದು ಯೂಸರ್‌ನೇಮ್ ಎಂಬ ಸರಳವಾದ ಕೇಳಿಕೆ. ಹೆಸರು ಹೇಳಿದ ಮೇಲೆ ಮತ್ತೊಂದು 334; ಈ ಸಲ ಕೇಳುವುದು ಪಾಸ್‌ವರ್ಡನ್ನು. ಒಪ್ಪಿಗೆಯಾದರೆ 235, ಇಲ್ಲವಾದರೆ ನಮ್ಮ ತರುಣ ಕಂಡ 535. ಒಳಗೆ ಬಿಟ್ಟ ಮೇಲೆ ಕಳುಹುವವನ ವಿಳಾಸ, ಪಡೆಯುವವನ ವಿಳಾಸ, ಆಮೇಲೆ 354 ಎಂಬ ಅನುಮತಿಯೊಡನೆ ಪತ್ರದ ಒಡಲು. ಕೊನೆಗೆ ಒಂದು ಸಾಲಿನಲ್ಲಿ ಒಂಟಿಯಾಗಿ ನಿಂತ ಚುಕ್ಕೆ. ಆ ಚುಕ್ಕೆಯನ್ನು ಕಂಡು ಸರ್ವರು 250 ಎಂದರೆ ಪತ್ರವನ್ನು ಸ್ವೀಕರಿಸಿತೆಂದರ್ಥವೇ ಹೊರತು ಓದುವವನ ಕೈ ಸೇರಿತೆಂದಲ್ಲ.

ಇಲ್ಲಿ ಹೆಸರೂ ಪಾಸ್‌ವರ್ಡೂ ಹೋಗುವ ಬೇಸ್-64 ಎಂಬ ವೇಷದ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ ಬಹಳ ಮಂದಿಯಲ್ಲಿದೆ. ಗೋಜಲಾಗಿ ಕಾಣುವುದರಿಂದ ಅದನ್ನು ಗೂಢಲಿಪಿಯೆಂದು ನಂಬುವರು. ವಾಸ್ತವವಾಗಿ ಅದು 64 ಚಿಹ್ನೆಗಳಲ್ಲಿ ಬರೆದ ಬಯಲ ಬರಹ, ಯಾವ ಕೀಲಿಯ ಹಂಗೂ ಇಲ್ಲದೆ ಯಾರಾದರೂ ಕ್ಷಣಮಾತ್ರದಲ್ಲಿ ಹಿಂದಕ್ಕೆ ತಿರುಗಿಸಬಲ್ಲರು. ನಿಜವಾದ ಮರೆ ಟಿಎಲ್‌ಎಸ್‌ನದು. ಆದಕಾರಣ ಸ್ಕ್ರಿಪ್ಟು ಬರೆಯುವವನು ಆ ಮರೆ ಬೀಳುವ ಮೊದಲು ಪಾಸ್‌ವರ್ಡನ್ನು ಎಂದೂ ಆಡಗೊಡಬಾರದು. ಸರ್ವರಿನ ಪೋರ್ಟ್ ಎಂಬ ಬಾಗಿಲುಗಳ ಸಂಖ್ಯೆಯೂ ಇದಕ್ಕೆ ಸಂಬಂಧಪಟ್ಟದ್ದೇ: 587ನೆಯ ಬಾಗಿಲಿನಲ್ಲಿ ಮಾತು ಬಯಲಿನಲ್ಲಿ ಆರಂಭವಾಗಿ ಆಮೇಲೆ ಮರೆಗೆ ಸರಿಯುತ್ತದೆ, 465ರಲ್ಲಿ ಆದಿಯಿಂದಲೇ ಮರೆಯಿರುತ್ತದೆ. 25ನೆಯದು ಸರ್ವರುಗಳು ತಮ್ಮತಮ್ಮಲ್ಲಿ ಪತ್ರ ಕೊಟ್ಟು ತೆಗೆದುಕೊಳ್ಳುವ ದಾರಿ. ಮನೆಯ ಇಂಟರ್‌ನೆಟ್ಟಿನಿಂದ ಅದನ್ನು ಹಿಡಿಯದಂತೆ ಸಂಪರ್ಕ ಕೊಡುವ ಕಂಪನಿಗಳು ಸಾಮಾನ್ಯವಾಗಿ ತಡೆದಿರುತ್ತವೆ. ಸ್ಕ್ರಿಪ್ಟು ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಕಾಲ ಮೀರಿತೆಂದು ಹೇಳಿದರೆ ಅದು ಈ ತಡೆಯ ಲಕ್ಷಣ. ಅದಕ್ಕೂ ಪಾಸ್‌ವರ್ಡಿಗೂ ಯಾವ ಸಂಬಂಧವೂ ಇಲ್ಲದಿರಲು ಪಾಸ್‌ವರ್ಡನ್ನು ಮೇಲಿಂದ ಮೇಲೆ ಬದಲಾಯಿಸುತ್ತ ಕೂರುವವರನ್ನು ಕಂಡರೆ ಕನಿಕರವಾಗುತ್ತದೆ.

ಇನ್ನು 535ರ ಮಾತು. ಜಿಮೇಲ್ ಬಳಸುವವರ ಪಾಲಿಗೆ ಅದರ ಕಾರಣ ಬಹುತೇಕ ಒಂದೇ. ಸಾಧಾರಣ ಪಾಸ್‌ವರ್ಡೊಂದರಿಂದಲೇ ಹೊರಗಿನ ಪ್ರೋಗ್ರಾಮುಗಳನ್ನು ಒಳಬಿಡುವ ಪದ್ಧತಿಯನ್ನು ಗೂಗಲ್ಲಿನವರು ಜನಸಾಮಾನ್ಯರ ಖಾತೆಗಳಿಗೆ 2022ರ ಮೇ 30ರಿಂದ ನಿಲ್ಲಿಸಿದರು. ಅದಕ್ಕೆ ಮೊದಲು ಬರೆದ ಪಾಠಗಳನ್ನು ಓದಿ ಸ್ಕ್ರಿಪ್ಟು ರಚಿಸುವವರು ಇಂದು ಎಡವುವುದು ಇಲ್ಲಿಯೇ. ಈಗ ಮಾಡತಕ್ಕದ್ದು ಏನೆಂದರೆ, ಮೊದಲು ಖಾತೆಗೆ ಎರಡು ಹಂತದ ಪರಿಶೀಲನೆಯನ್ನು ಹೊಂದಿಸಿಕೊಂಡು, ಆಮೇಲೆ ಆ್ಯಪ್ ಪಾಸ್‌ವರ್ಡ್ ಎಂಬುದನ್ನು ಬೇಡಿ ಪಡೆಯುವುದು. ನಾಲ್ಕು ನಾಲ್ಕು ಅಕ್ಷರಗಳ ನಾಲ್ಕು ಗುಂಪುಗಳಾಗಿ ತೆರೆಯ ಮೇಲೆ ಒಮ್ಮೆ ಮಾತ್ರ ಕಾಣುವ ಈ ಹದಿನಾರು ಅಕ್ಷರಗಳನ್ನು ಸ್ಕ್ರಿಪ್ಟಿಗೆ ಕೊಟ್ಟರೆ 235 ಎಂಬ ಒಪ್ಪಿಗೆ ಬರುತ್ತದೆ. ಇದರ ಗುಣವೇನೆಂದರೆ ಖಾತೆಯ ಮೂಲ ಪಾಸ್‌ವರ್ಡಿಗೆ ಧಕ್ಕೆಯಿಲ್ಲದೆ ಇದೊಂದನ್ನೇ ಯಾವಾಗ ಬೇಕಾದರೂ ರದ್ದು ಮಾಡಬಹುದು. ದೋಷವೇನೆಂದರೆ ಇದಕ್ಕೆ ಮೊಬೈಲಿಗೆ ಬರುವ ಎರಡನೆಯ ಪ್ರಶ್ನೆ ಇರುವುದಿಲ್ಲವಾದ್ದರಿಂದ ಕಳ್ಳನ ಕೈಗೆ ಸಿಕ್ಕರೆ ಖಾತೆಯ ಪತ್ರಗಳೆಲ್ಲ ಅವನ ವಶವಾಗುತ್ತವೆ. ಪಾಸ್‌ವರ್ಡನ್ನೇ ಹಂಚಿಕೊಳ್ಳದೆ ಅಲ್ಪಕಾಲದ ಪರವಾನಗಿಯಿಂದ ಕೆಲಸ ನಡೆಸುವ ಓಆಥ್ ಎಂಬ ಮಾರ್ಗವೂ ಉಂಟು. ಅದು ಮೇಲಾದದ್ದೇ, ಆದರೆ ಮುನ್ನೂರು ಪತ್ರಗಳ ವ್ಯವಹಾರಕ್ಕೆ ಅದರ ಸಿದ್ಧತೆಯ ಶ್ರಮ ಹೆಚ್ಚೆಂದೇ ನನ್ನ ಅಭಿಪ್ರಾಯ.

ಇಲ್ಲಿಗೆ ಒಂದು ಬಾಗಿಲು ದಾಟಿದಂತಾಯಿತು. ಪತ್ರವನ್ನು ಸರ್ವರಿನ ಕೈಯಲ್ಲಿಡುವ ಅಧಿಕಾರ ಇವನಿಗುಂಟೋ ಎಂಬುದು ಅಲ್ಲಿನ ವಿಚಾರಣೆ. ಆದರೆ ಪತ್ರದ ಮೇಲೆ ಬರೆದ ಹೆಸರು ಇವನದೋ ಎಂಬುದು ಬೇರೆಯೇ ವಿಚಾರಣೆ, ಅದು ನಡೆಯುವುದು ಪತ್ರ ಪಡೆಯುವ ಸರ್ವರಿನ ಬಾಗಿಲಿನಲ್ಲಿ. ಅಂಚೆಯಲ್ಲಿರುವಂತೆಯೇ ಇಲ್ಲಿಯೂ ಲಕೋಟೆಯ ಮೇಲೊಂದು ಹೆಸರು, ಒಳಗಿನ ಕಾಗದದಲ್ಲೊಂದು ಹೆಸರು ಉಂಟು. ಮೊದಲನೆಯದನ್ನು ಸರ್ವರುಗಳು ಮಾತ್ರ ನೋಡುತ್ತವೆ, ಎರಡನೆಯದನ್ನು ಮಾತ್ರ ಮನುಷ್ಯರು ನೋಡುತ್ತಾರೆ, ಎರಡೂ ಒಂದೇ ಆಗಿರಬೇಕೆಂಬ ನಿರ್ಬಂಧ ಮೂಲ ನಿಯಮದಲ್ಲಿಲ್ಲ. ಈ ಬಿರುಕಿನಿಂದ ಎಂಥ ಅನರ್ಥವಾಗಬಲ್ಲದೆಂಬುದನ್ನು ಬೈಲಕುಪ್ಪೆಯ ಜನ ಬಲ್ಲ ಒಂದು ಪ್ರಸಂಗವೇ ತೋರಿಸುತ್ತದೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960–61ರಲ್ಲಿ ಟಿಬೆಟಿನ ನಿರಾಶ್ರಿತರ ವಸತಿ ಆರಂಭವಾಯಿತು. ಸೆರಾ ಮಹಾವಿಹಾರ ಅಲ್ಲಿ ಪುನಃ ಸ್ಥಾಪಿತವಾಯಿತು. ಮುಂದೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಒಂದು ವಸತಿ ಏರ್ಪಟ್ಟಿತು. ಭಾರತದಲ್ಲೆಲ್ಲ ಹರಡಿರುವ ಈ ಜನಕ್ಕೂ, ಧರ್ಮಶಾಲೆಯ ದಲಾಯಿ ಲಾಮಾ ಅವರ ಕಚೇರಿಗೂ, ಹೊರದೇಶಗಳ ಸ್ನೇಹಿತರಿಗೂ ಇ-ಮೇಲು ಬಂದಾಗಿನಿಂದ ಅದೇ ಮುಖ್ಯವಾದ ಕೊಂಡಿ. 2008ರಲ್ಲಿ ದಲಾಯಿ ಲಾಮಾ ಅವರ ಕಚೇರಿಯವರು ತಮ್ಮ ಗುಟ್ಟುಗಳು ಸೋರುತ್ತಿವೆಯೆಂದು ಸಂಶಯಿಸಿ ತಜ್ಞರ ನೆರವು ಕೋರಿದರು. ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದ ಸಿಟಿಜನ್ ಲ್ಯಾಬಿನವರು ಜೊತೆಗಾರರೊಡನೆ ತಿಂಗಳುಗಟ್ಟಲೆ ಶೋಧಿಸಿ 2009ರ ಮಾರ್ಚಿನಲ್ಲಿ ಪ್ರಕಟಿಸಿದ ವರದಿಯಂತೆ, 103 ದೇಶಗಳ 1,295 ಗಣಕಗಳು ಒಂದೇ ಬೇಹುಜಾಲಕ್ಕೆ ಸಿಕ್ಕಿದ್ದವು. ಅದಕ್ಕೆ ಅವರು ಘೋಸ್ಟ್‌ನೆಟ್ ಎಂದು ಹೆಸರಿಟ್ಟರು. ಜಾಲದ ಜಾಡು ಚೀನಾದ ಕಡೆಗೆ ಹೋಗಿತ್ತು. ಅಲ್ಲಿಯ ಸರ್ಕಾರ ಅದನ್ನು ನಿರಾಕರಿಸಿತು, ವರದಿಗಾರರೂ ಸರ್ಕಾರದ ಕೈವಾಡವೆಂದು ನಿಶ್ಚಯವಾಗಿ ಹೇಳಲಿಲ್ಲ. ನಮ್ಮ ವಿಷಯಕ್ಕೆ ಬೇಕಾದದ್ದು ಮೋಸದ ಪತ್ರಗಳು ಬಾಗಿಲು ತೆರೆದ ರೀತಿ. ಲಂಡನ್ನಿನ ಫ್ರೀ ಟಿಬೆಟ್ ಸಂಸ್ಥೆಯ ವಿಳಾಸದಿಂದಲೇ ಬಂದಂತೆ ಕಾಣುವ, ವರ್ಡ್ ಕಡತವೊಂದನ್ನು ಲಗತ್ತಿಸಿದ ಮೇಲೊಂದು ಆ ಪತ್ರಗಳಿಗೆ ವರದಿಯಲ್ಲಿ ಕೊಟ್ಟಿರುವ ಮಾದರಿ. ಪರಿಚಿತ ಹೆಸರು, ಪರಿಚಿತ ವಿಷಯ. ತೆರೆದವರದು ತಪ್ಪೆನ್ನುವ ಹಾಗಿಲ್ಲ.

ಹೆಸರಿನ ಈ ಕಳವನ್ನು ತಡೆಯಲು ಹುಟ್ಟಿದ ಮೂರು ಉಪಾಯಗಳು ಇಂದು ಲೋಕದಲ್ಲೆಲ್ಲ ರೂಢಿಯಾಗಿವೆ. ಮೂರಕ್ಕೂ ಆಧಾರ ಡಿಎನ್‌ಎಸ್ ಎಂಬ ಸಾರ್ವಜನಿಕ ದಫ್ತರ. ವಿಳಾಸದಲ್ಲಿ ಸುರುಳಿ ಚಿಹ್ನೆಯ ಬಳಿಕ ಬರುವ ಡೊಮೇನ್ ಎಂಬ ಹೆಸರಿನ ಒಡೆಯನಲ್ಲದೆ ಬೇರೆಯವರು ಅದರ ಪುಟದಲ್ಲಿ ಬರೆಯುವಂತಿಲ್ಲ, ಓದುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇಲ್ಲ. ಎಸ್‌ಪಿಎಫ್ ಎಂಬ ಮೊದಲನೆಯದು, ನನ್ನ ಹೆಸರಿನಲ್ಲಿ ಪತ್ರ ತರುವ ಅಧಿಕಾರ ಇಂಥಿಂಥ ಸರ್ವರುಗಳಿಗೆ ಮಾತ್ರ ಎಂಬ ಒಂದು ಸಾಲಿನ ಘೋಷಣೆ. ಇದು ಪರೀಕ್ಷಿಸುವುದು ಲಕೋಟೆಯ ಮೇಲಿನ ಹೆಸರನ್ನು, ಅಲ್ಲದೆ ಪತ್ರವನ್ನು ನಡುವೆ ಯಾರಾದರೂ ಬೇರೆಡೆಗೆ ಮರುಕಳುಹಿದರೆ ಪರೀಕ್ಷೆ ಕೆಡುತ್ತದೆ. ಸಂಘವೊಂದು ದಿನನಿತ್ಯದ ಪತ್ರಗಳಿಗೆ ಒಂದು ಕಂಪನಿಯನ್ನೂ ಬಿಲ್ಲುಗಳಿಗೆ ಮತ್ತೊಂದನ್ನೂ ಆಶ್ರಯಿಸಿದ್ದರೆ ಎರಡನ್ನೂ ಒಂದೇ ಸಾಲಿನಲ್ಲಿ ನಮೂದಿಸಬೇಕು. ಎರಡು ಸಾಲು ಬರೆದರೆ ಎರಡೂ ನಿರರ್ಥಕವಾಗುತ್ತವೆಂಬುದು ಬಹಳ ಮಂದಿಗೆ ಕಷ್ಟಪಟ್ಟಮೇಲೆ ತಿಳಿಯುವ ಸಂಗತಿ.

ಡಿಕಿಮ್ ಎಂಬ ಎರಡನೆಯದು ಮೊಹರು. ಕಳುಹುವ ಸರ್ವರು ತನ್ನಲ್ಲಿರುವ ಗುಪ್ತ ಕೀಲಿಯಿಂದ ಪತ್ರಕ್ಕೆ ಒಂದು ಗಣಿತದ ಮುದ್ರೆಯನ್ನೊತ್ತುತ್ತದೆ. ಪಡೆಯುವ ಸರ್ವರು ದಫ್ತರದಲ್ಲಿ ಪ್ರಕಟವಾಗಿರುವ ಬಹಿರಂಗ ಕೀಲಿಯಿಂದ ಅದನ್ನು ತಾಳೆ ನೋಡುತ್ತದೆ. ನಡುವೆ ಒಂದಕ್ಷರ ಬದಲಾಗಿದ್ದರೂ ಮೊಹರು ಒಡೆದಂತೆಯೇ. ಇದರ ಬಲ ಕೀಲಿಯ ಉದ್ದದಲ್ಲಿದೆಯೆಂಬುದನ್ನು 2012ರಲ್ಲಿ ಅಮೆರಿಕೆಯ ಗಣಿತಜ್ಞ ಜಕಾರಿ ಹ್ಯಾರಿಸ್ ಬಹು ವಿನೋದವಾಗಿ ತೋರಿಸಿಕೊಟ್ಟರು. ಗೂಗಲ್ಲಿನಿಂದ ತಮಗೆ ಕೆಲಸದ ಆಹ್ವಾನ ಬಂದಾಗ ಆ ಪತ್ರದ ಕೀಲಿ ಕೇವಲ 512 ಬಿಟ್ಟುಗಳದೆಂದು ಕಂಡು, ಇದು ತಮ್ಮ ಪರೀಕ್ಷೆಗಾಗಿ ಬೇಕೆಂದೇ ಇಟ್ಟ ಒಗಟೆಂದು ಭಾವಿಸಿ ಅದನ್ನು ಒಡೆದು, ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಸರ್ಗೇ ಬ್ರಿನ್ನರ ಹೆಸರಿನಿಂದ ಮತ್ತೊಬ್ಬರಾದ ಲ್ಯಾರಿ ಪೇಜರಿಗೇ ಪತ್ರ ಬರೆದರು. ಒಗಟೂ ಅಲ್ಲ, ಪರೀಕ್ಷೆಯೂ ಅಲ್ಲ. ಉತ್ತರ ಬರಲಿಲ್ಲ, ಆದರೆ ಕೆಲವೇ ದಿನಗಳಲ್ಲಿ ಕೀಲಿ 2048 ಬಿಟ್ಟುಗಳದಾಯಿತು.

ಮೂರನೆಯದಾದ ಡಿಮಾರ್ಕ್, ಮೇಲಿನ ಎರಡರಲ್ಲಿ ಒಂದಾದರೂ ಒಪ್ಪಿದ ಹೆಸರು ಮನುಷ್ಯನ ಕಣ್ಣಿಗೆ ಕಾಣುವ ಹೆಸರಿನೊಡನೆ ಹೊಂದಬೇಕೆಂದು ವಿಧಿಸಿ, ಹೊಂದದಿದ್ದರೆ ಏನು ಮಾಡಬೇಕೆಂಬುದನ್ನೂ ಡೊಮೇನಿನ ಒಡೆಯನೇ ಹೇಳುವಂತೆ ಮಾಡಿತು: ಸುಮ್ಮನಿರು, ಸಂಶಯದ ಪೆಟ್ಟಿಗೆಗೆ ಹಾಕು, ತಿರಸ್ಕರಿಸು. 2014ರ ಏಪ್ರಿಲಿನಲ್ಲಿ ಯಾಹೂದವರು ಏಕಾಏಕಿ ಮೂರನೆಯದನ್ನು ಆರಿಸಿಕೊಂಡಾಗ, ಒಬ್ಬರ ಪತ್ರವನ್ನು ನೂರಾರು ಮಂದಿಗೆ ಹಂಚುವ ಬಳಗಗಳ ಪ್ರಾಮಾಣಿಕ ಪತ್ರಗಳೂ ಬಾಗಿಲಲ್ಲೇ ಹಿಂದಿರುಗಿ ದೊಡ್ಡ ಗದ್ದಲವಾಯಿತು. ಆದಾಗ್ಯೂ ಕಾಲ ಅದೇ ದಿಕ್ಕಿಗೆ ಸಾಗಿ, 2024ರ ಫೆಬ್ರವರಿಯಿಂದ ಗೂಗಲ್ಲೂ ಯಾಹೂವೂ ಭಾರಿ ಪ್ರಮಾಣದಲ್ಲಿ ಪತ್ರ ಕಳುಹುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿವೆ. ಗೂಗಲ್ಲಿನ ಲೆಕ್ಕದಲ್ಲಿ ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000 ಪತ್ರ ಕಳುಹುವವರು ಆ ವರ್ಗದವರು. ಚಿಕ್ಕವರಿಗೂ ಎಸ್‌ಪಿಎಫ್ ಇಲ್ಲವೇ ಡಿಕಿಮ್ ಬೇಕೇ ಬೇಕು. ಜಿಮೇಲಿನ ವಿಳಾಸದಿಂದಲೇ ಜಿಮೇಲಿನ ಸರ್ವರಿನ ಮೂಲಕ ಕಳುಹುವ ನಮ್ಮ ತರುಣನಿಗೆ ಇವೆಲ್ಲವನ್ನೂ ಗೂಗಲ್ಲೇ ನೆರವೇರಿಸುತ್ತದೆ. ಸಂಘದ ಸ್ವಂತ ಡೊಮೇನಿನ ಹೆಸರನ್ನು ಹಾಕಬಯಸಿದರೆ ಮಾತ್ರ ದಫ್ತರದ ಆ ಸಾಲುಗಳನ್ನು ತಾನೇ ಬರೆಯಬೇಕು.

ಇಷ್ಟಾದ ಮೇಲೆ ಮೋಸಕ್ಕೆ ಎಡೆಯಿಲ್ಲವೆಂದು ಭಾವಿಸುವವರಿಗೆ ಘೋಸ್ಟ್‌ನೆಟ್ಟಿನ ಕಾಲದ ಮತ್ತೊಂದು ವರದಿಯನ್ನು ತೋರಿಸಬೇಕಾಗುತ್ತದೆ. 2009ರ ಅದೇ ಮಾರ್ಚಿನಲ್ಲಿ ಶಿಶಿರ್ ನಾಗರಾಜ ಮತ್ತು ಕೇಂಬ್ರಿಜ್ಜಿನ ರಾಸ್ ಆಂಡರ್ಸನ್ ಪ್ರಕಟಿಸಿದ ಆ ಬರಹದ ಪ್ರಕಾರ, ಟಿಬೆಟಿನವರ ಮೇಲ್ ಸರ್ವರುಗಳೇ ಕೆಲವು ಬೇಹುಗಾರರ ವಶವಾಗಿದ್ದವು. ದಾರಿಯಲ್ಲಿದ್ದ ನಿಜವಾದ ಪತ್ರಗಳನ್ನು ಹಿಡಿದು, ಅವುಗಳ ಲಗತ್ತನ್ನು ತೆಗೆದು, ವಿಷದ ಕಡತವನ್ನಿಟ್ಟು ಮುಂದಕ್ಕೆ ಬಿಡುತ್ತಿದ್ದರು. ಹೀಗೆ ಒಳಗಿನ ಕೈಯೇ ಕೆಟ್ಟಿರುವಾಗ ಎಸ್‌ಪಿಎಫ್ ಒಪ್ಪುತ್ತದೆ, ಡಿಕಿಮ್ ಒಪ್ಪುತ್ತದೆ, ಡಿಮಾರ್ಕ್ ಒಪ್ಪುತ್ತದೆ. ಯಾಕೆಂದರೆ ಪತ್ರ ಹೊರಟದ್ದು ನಿಜವಾದ ಮನೆಯಿಂದಲೇ. ಮುಂದೆ ಟಿಬೆಟ್ ಆ್ಯಕ್ಷನ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಲಗತ್ತುಗಳ ಗೊಡವೆಯನ್ನೇ ಬಿಡಿರೆಂದು ಭಿಕ್ಷುಗಳಿಗೂ ಜನಸಾಮಾನ್ಯರಿಗೂ ಪ್ರಚಾರ ನಡೆಸಿತು. ಎರಡನೆಯ ಬಾಗಿಲಿನ ಕಾವಲು ಎಷ್ಟೇ ಬಿಗಿಯಾದರೂ ಮೊದಲನೆಯ ಬಾಗಿಲಿನ ಪಾಸ್‌ವರ್ಡು ಸೋರಿದರೆ ಅದು ವ್ಯರ್ಥ. ಸ್ಕ್ರಿಪ್ಟು ಬರೆಯುವವನ ಹೊಣೆಗಾರಿಕೆಯ ಸಾರ ಇರುವುದು ಇಲ್ಲಿ.

ಏಕೆಂದರೆ ಹದಿನಾರಕ್ಷರದ ಆ ಪಾಸ್‌ವರ್ಡನ್ನು ಸ್ಕ್ರಿಪ್ಟಿನ ಒಡಲಲ್ಲೇ ಬರೆದು, ಆ ಕಡತವನ್ನು ಗೆಳೆಯನಿಗೆ ತೋರಿಸಲು ಕಳುಹಿ, ಅಥವಾ ಗಿಟ್‌ಹಬ್ಬಿನಲ್ಲಿ ಎಲ್ಲರಿಗೂ ಕಾಣುವಂತೆ ಏರಿಸಿ, ಆಮೇಲೆ ಆ ಸಾಲನ್ನು ಅಳಿಸಿದೆನೆಂದು ಸಮಾಧಾನಪಡುವುದು ತರುಣರಲ್ಲಿ ಸಾಮಾನ್ಯವಾದ ರೂಢಿ. ಅಲ್ಲಿ ಹಳೆಯ ಪ್ರತಿಗಳೆಲ್ಲ ಉಳಿದಿರುತ್ತವೆ; ಇಂಥ ಪಾಸ್‌ವರ್ಡುಗಳನ್ನೇ ಹುಡುಕುತ್ತ ಅಲೆಯುವ ಯಂತ್ರಗಳು ಹೊರಗೆ ಬೇಕಾದಷ್ಟಿವೆ. ಪಾಸ್‌ವರ್ಡನ್ನು ಗಣಕದ ಎನ್‌ವಿರಾನ್‌ಮೆಂಟ್ ವೇರಿಯಬಲ್ಲಿನಲ್ಲಿಯೋ, ಸ್ಕ್ರಿಪ್ಟಿನಿಂದ ಪ್ರತ್ಯೇಕವಾಗಿ ಬೇರಾರೂ ಓದಲಾಗದ ಕಡತದಲ್ಲಿಯೋ ಇಟ್ಟು, ಓಡುವ ಹೊತ್ತಿನಲ್ಲಿ ಮಾತ್ರ ತೆಗೆದುಕೊಳ್ಳುವಂತೆ ಬರೆಯಬೇಕು. ಹಾಗೆಯೇ, ಸ್ಕ್ರಿಪ್ಟಿಗೆಂದು ಬೇರೊಂದು ಖಾತೆಯನ್ನೇ ತೆರೆಯುವುದು ಲೇಸು. ಸಂಘದ ಕಾರ್ಯದರ್ಶಿಯ ಸ್ವಂತ ಪತ್ರಗಳೂ ಬ್ಯಾಂಕಿನ ಕಾಗದಗಳೂ ಇರುವ ಖಾತೆಯ ಮೂಲಕ ಹೊಗೆಸೊಪ್ಪಿನ ದರಪಟ್ಟಿ ಹೋಗಬೇಕಾದ ಅಗತ್ಯವಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಸಂಬಂಧಪಟ್ಟ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಪೋಸ್ಟೆಲ್ಲರ ನಿಯಮಾವಳಿ ರೋಮನ್ ಅಕ್ಷರಗಳಿಗಷ್ಟೆ ಸಾಲುವ ಏಳು ಬಿಟ್ಟಿನ ಲಿಪಿಯನ್ನು ನಂಬಿಕೊಂಡಿತ್ತು. 1992ರಲ್ಲಿ ಮೈಮ್ ಎಂಬ ವಿಧಾನ ಬಂದ ಮೇಲೆಯೇ ಇತರ ಲಿಪಿಗಳೂ ಲಗತ್ತುಗಳೂ ಆ ಇಕ್ಕಟ್ಟಾದ ದಾರಿಯಲ್ಲಿ ಸಾಗುವಂತಾದದ್ದು. ಇದರ ಉಪಾಯ ಮತ್ತೆ ಆ ಬೇಸ್-64 ವೇಷವೇ. ಹುಣಸೂರು ಎಂದು ಬರೆದರೆ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕೊಂಬು ದೀರ್ಘಗಳನ್ನು ಬೇರೆಯಾಗಿ ಎಣಿಸುವ ಯೂನಿಕೋಡಿಗೆ ಏಳು. ಒಂದೊಂದಕ್ಕೂ ಮೂರು ಬೈಟಿನಂತೆ 21 ಬೈಟು. ಬೇಸ್-64ರಲ್ಲಿ 28 ರೋಮನ್ ಚಿಹ್ನೆ. ಪೈಥಾನಿನ ಹೊಸ ಉಪಕರಣಗಳು ಇದನ್ನು ತಾವಾಗಿ ಮಾಡುತ್ತವೆ, ಆದರೆ ಹಳೆಯ ಮಾದರಿಯಂತೆ ವಿಷಯದ ಸಾಲನ್ನು ಕೈಯಾರೆ ಜೋಡಿಸಿದವರ ಕನ್ನಡ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ತಲುಪುವುದುಂಟು. ವಿಳಾಸವನ್ನೇ ಕನ್ನಡ ಲಿಪಿಯಲ್ಲಿ ಬರೆಯುವ ನಿಯಮ 2012ರಲ್ಲಿ ಸಿದ್ಧವಾಯಿತು, .ಭಾರತ ಎಂಬ ಕನ್ನಡದ ಡೊಮೇನೂ ಇದೆ. ಆದರೂ ಎಲ್ಲ ಸರ್ವರುಗಳೂ ಇದನ್ನು ಇನ್ನೂ ಅರಿತಿಲ್ಲವಾದ್ದರಿಂದ ಬಿಲ್ಲು ನೋಟೀಸುಗಳಿಗೆ ರೋಮನ್ ವಿಳಾಸವೇ ಸದ್ಯಕ್ಕೆ ಕ್ಷೇಮ.

ಕಳುಹುವ ಕ್ರಮದ ವಿಷಯ ಹೆಚ್ಚು ಹೇಳಬೇಕಾದ್ದಿಲ್ಲ. ಮುನ್ನೂರು ವಿಳಾಸಗಳನ್ನೂ ಒಂದೇ ಪತ್ರದ ತಲೆಯ ಮೇಲೆ ಹೇರಿದರೆ ಪ್ರತಿಯೊಬ್ಬನ ವಿಳಾಸವೂ ಉಳಿದವರೆಲ್ಲರಿಗೆ ಬಯಲಾಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಪತ್ರ, ನಡುವೆ ಒಂದೆರಡು ಕ್ಷಣದ ವಿರಾಮ, ಇದೇ ಸರಿಯಾದ ರೀತಿ. ಸಾಮಾನ್ಯ ಜಿಮೇಲ್ ಖಾತೆಗೆ ದಿನಕ್ಕೆ 500ರ ಮಿತಿಯುಂಟು. ಸರ್ವರಿನ ಉತ್ತರ 4ರಿಂದ ಮೊದಲಾದರೆ ತಾತ್ಕಾಲಿಕ ಅಡಚಣೆ, ಸ್ವಲ್ಪ ತಡೆದು ಮತ್ತೆ ಯತ್ನಿಸಬಹುದು. 5ರಿಂದ ಮೊದಲಾದರೆ ಅದು ತೀರ್ಮಾನ, ಮತ್ತೆ ಮತ್ತೆ ಬಡಿದರೆ ಖಾತೆಗೇ ಕೆಟ್ಟ ಹೆಸರು. ಆದ್ದರಿಂದ ಉತ್ತರಗಳನ್ನೆಲ್ಲ ಒಂದು ಕಡತದಲ್ಲಿ ಬರೆದಿಡುವಂತೆ ಸ್ಕ್ರಿಪ್ಟಿಗೆ ಕಲಿಸಬೇಕು. ಮೊದಲ ಪತ್ರವನ್ನು ತನಗೇ ಕಳುಹಿಕೊಂಡು, ಜಿಮೇಲಿನಲ್ಲಿ ಅದರ ಮೂಲವನ್ನು ತೋರಿಸುವ ಆಯ್ಕೆಯನ್ನು ಒತ್ತಿದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಎದುರಿಗೂ ಪಾಸ್ ಎಂದಿದೆಯೋ ಇಲ್ಲವೋ ಎಂಬುದು ಕಾಣುತ್ತದೆ. ಬಂದ ಪತ್ರವೊಂದು ಸಂಶಯಾಸ್ಪದವಾಗಿದ್ದರೂ ನೋಡಬೇಕಾದ ಸ್ಥಳ ಇದೇ.

ಕೊನೆಯದಾಗಿ, ಆರಂಭದಲ್ಲಿ ಹೆಸರಿಸಿದ ನಾಲ್ಕು ತಾಲ್ಲೂಕುಗಳ ಸಂಘಸಂಸ್ಥೆಗಳ ಅಧ್ಯಕ್ಷ ಕಾರ್ಯದರ್ಶಿಗಳಲ್ಲಿ ಒಂದು ವಿಜ್ಞಾಪನೆ. ಇಂಥ ಸ್ಕ್ರಿಪ್ಟನ್ನು ಬರೆದುಕೊಡುವವನು ಸಾಮಾನ್ಯವಾಗಿ ಊರಿನ ಹುಡುಗನೇ ಆಗಿದ್ದು, ಒಂದೆರಡು ವರ್ಷಗಳಲ್ಲಿ ಕೆಲಸ ಹಿಡಿದು ಬೆಂಗಳೂರಿಗೆ ಹೋಗುವುದು ಲೋಕಾರೂಢಿ. ಡೊಮೇನು ಅವನ ಹೆಸರಿನಲ್ಲಿ, ಪಾಸ್‌ವರ್ಡು ಅವನ ಲ್ಯಾಪ್‌ಟಾಪಿನಲ್ಲಿ ಉಳಿದುಬಿಡುತ್ತವೆ. ಡೊಮೇನನ್ನು ಸಂಘದ ಹೆಸರಿನಲ್ಲಿಯೇ ನೋಂದಾಯಿಸಿರಿ. ಯಾವ ಯಾವ ಸ್ಕ್ರಿಪ್ಟಿಗೆ ಯಾವ ಆ್ಯಪ್ ಪಾಸ್‌ವರ್ಡ್ ಕೊಟ್ಟಿದೆಯೆಂಬ ವಿವರವನ್ನು, ಆ ಪಾಸ್‌ವರ್ಡನ್ನಲ್ಲ, ನಡಾವಳಿ ಪುಸ್ತಕದಲ್ಲಿ ಬರೆದಿಡಿರಿ. ಹುಡುಗನನ್ನು ಹರಸಿ ಬೀಳ್ಕೊಟ್ಟ ದಿನವೇ ಖಾತೆಯನ್ನು ತೆರೆದು ಆ ಪಾಸ್‌ವರ್ಡುಗಳನ್ನು ಅಳಿಸಿ ಹೊಸವನ್ನು ಪಡೆಯಿರಿ. ಐದು ನಿಮಿಷಕ್ಕಿಂತ ಹೆಚ್ಚಿನ ಕೆಲಸವಲ್ಲ.